ಕರೆಂಟಿನ ಬೀಗರು, ಗಾಳಿಯ ಬೀಗರು

ನಮ್ಮ ಬಾರಿಯೋ ಊರಿನ ಲುಗುನ್ ಕೆಟ್ಟ ಮನುಷ್ಯನೇನಲ್ಲ. ಬಾಯಿ ಮುಚ್ಚಿಕೊಂಡಿದ್ದಾಗ ಅವನಷ್ಟು ಒಳ್ಳೆಯವನು ನಮ್ಮ ಬೆಟ್ಟದ ಮೇಲೆ ಇನ್ನೊಬ್ಬನಿಲ್ಲ ಎಂದು ಅವನ ಹೆಂಡತಿ ರಿನೈ ಯಾರ ಮುಂದೆ ಬೇಕಾದರೂ ಹೇಳುತ್ತಾಳೆ. ತೊಂದರೆ ಏನೆಂದರೆ, ಹಿಂದಿನ ವರ್ಷ ಮಿರಿ ಪಟ್ಟಣಕ್ಕೆ ಹೋದವನು ತನ್ನ ಪಿಕಪ್ ಗಾಡಿಗೆ ಎಲೆಕ್ಟ್ರಿಕ್ ಲಾಕರ್ ಹಾಕಿಸಿಕೊಂಡು ಬಂದ. ಅಂದಿನಿಂದ ಆ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ.

ಲಾಕರ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಕೆಸರಿನ ಏರಿನಲ್ಲಿ ಗಾಡಿಯ ಹಿಂದಿನ ಒಂದು ಚಕ್ರ ಹುಚ್ಚು ಹಿಡಿದ ಹಾಗೆ ಗಿರಗಿರ ತಿರುಗುತ್ತದೆ, ಇನ್ನೊಂದು ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನೆ ನಿಂತಿರುತ್ತದೆ. ಲಾಕರ್ ಹಾಕಿದರೆ ಎರಡೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ ಒಟ್ಟಿಗೆ ತಿರುಗಿ ಗಾಡಿಯನ್ನು ಮೇಲಕ್ಕೆ ತರುತ್ತವೆ. ಹಾಗೆ ಕೂಡಿಸುವುದು ಹೇಗೆ ಎಂಬ ವಿಚಾರದಲ್ಲಿ ಮಾತ್ರ ಜಗತ್ತು ಎರಡು ಹೋಳಾಗಿದೆ. ಕರೆಂಟು ಹರಿಸಿ ಕೂಡಿಸುವುದು ಒಂದು, ಪಂಪಿನಿಂದ ಗಾಳಿ ಊದಿ ಕೂಡಿಸುವುದು ಇನ್ನೊಂದು. ಬಾರಿಯೋದಲ್ಲಿ ಜಗತ್ತು ಎಂದರೆ ಲುಗುನ್ ಮತ್ತು ಅವನ ಬೀಗ ರಿಬೂ. ಲುಗುನ್‌ನ ಮಗಳು ಫ್ಲೋರಾಳನ್ನು ರಿಬೂವಿನ ಮಗ ಜೊನಾಸ್‌ಗೆ ಕೊಟ್ಟಿದೆ. ರಿಬೂವಿನದು ಗಾಳಿ ಲಾಕರ್.

ವಿಮಾನ ಇಳಿಯುವ ಪಟ್ಟಿಯ ಪಕ್ಕದ ಕಾಫಿ ಅಂಗಡಿಯಲ್ಲಿ ಇಬ್ಬರೂ ದಿನಾ ಎದುರುಬದುರು ಕೂರುತ್ತಿದ್ದರು.

"ನಂದು ಕರೆಂಟು ಬೀಗರೇ. ಬಟನ್ ಒತ್ತು, ಮುಗೀತು. ನಿಮ್ಮದರಲ್ಲಿ ಪಂಪಂತೆ, ಟ್ಯೂಬಂತೆ, ವಾಷರಂತೆ. ಅದೇನು ಗಾಡಿನೋ ಆಸ್ಪತ್ರೆನೋ?" ಎನ್ನುತ್ತಿದ್ದ ಲುಗುನ್.

"ನಿಮ್ಮ ತಂತಿಗೆ ನೀರು ಬಿದ್ರೆ ತುಕ್ಕು ಹಿಡಿಯುತ್ತೆ ಬೀಗರೇ. ಗಾಳಿಗೆ ತುಕ್ಕು ಹಿಡಿದಿದ್ದು ಎಲ್ಲಾದ್ರೂ ಕೇಳಿದೀರಾ?" ಎನ್ನುತ್ತಿದ್ದ ರಿಬೂ. "ನಾನು ಏರು ಹತ್ತುವಾಗ ಆ ಬುಸ್ಸ್ ಅನ್ನೋ ಸದ್ದು ಕೇಳಿದೀರಲ್ಲ, ಅದು ಗಾಳಿಯ ತಾಕತ್ತು. ನಿಮ್ಮದು ಸದ್ದೇ ಮಾಡಲ್ಲ. ಇದೆಯೋ ಇಲ್ವೋ ದೇವರೇ ಬಲ್ಲ."

ಊರು ಸುಮ್ಮನಿರುತ್ತದೆಯೇ. ಅರ್ಧ ಜನ ಕರೆಂಟಿನ ಕಡೆ, ಅರ್ಧ ಜನ ಗಾಳಿಯ ಕಡೆ. ಚರ್ಚಿನ ಹಾಡಿನ ತಂಡದಲ್ಲಿ ದಪ್ಪ ದನಿಯವರೆಲ್ಲ ಗಾಳಿಗೆ ಸೇರಿಕೊಂಡದ್ದರಿಂದ ಕರೆಂಟಿನವರು ಒಂದು ಭಾನುವಾರ ಬೇಕೆಂದೇ ಶ್ರುತಿ ತಪ್ಪಿಸಿದರು ಎಂಬ ದೂರು ಪಾದ್ರಿಯವರೆಗೂ ಹೋಯಿತು. ಗಾಡಿಯೇ ಇಲ್ಲದ, ಎರಡು ಎಮ್ಮೆಗಳನ್ನು ಬಿಟ್ಟರೆ ಚಲಿಸುವ ಆಸ್ತಿಯೇ ಇಲ್ಲದ ಮುದುಕನೊಬ್ಬ ತಾನು ಸಾಯುವವರೆಗೂ ಕರೆಂಟಿನವನೇ ಎಂದು ಸಾರಿದ. ಪಾದ್ರಿಗಳು ಪ್ರಸಂಗದ ನಡುವೆ ಗಾಳಿಯಂತೆ ಬರುವ ಪವಿತ್ರಾತ್ಮದ ವಿಷಯ ಎತ್ತಿದಾಗ ರಿಬೂ ಹಿಂದಕ್ಕೆ ತಿರುಗಿ ಲುಗುನ್‌ನನ್ನು ನೋಡಿದ ನೋಟವನ್ನು ಜನ ಇವತ್ತಿಗೂ ನೆನೆಯುತ್ತಾರೆ.

ಇಷ್ಟರಲ್ಲಿ ಮಿರಿಯಲ್ಲಿದ್ದ ಫ್ಲೋರಾ ಹೆಣ್ಣುಮಗು ಹೆತ್ತಳು. ಎರಡೂ ಮನೆಗೆ ಮೊದಲ ಮೊಮ್ಮಗು.

ನಮ್ಮ ಬೆಟ್ಟದಲ್ಲಿ ಮೊಮ್ಮಗು ಹುಟ್ಟಿದರೆ ಅಜ್ಜ ಅಜ್ಜಿಯರ ಹಳೆಯ ಹೆಸರು ಮುಗಿಯಿತು. ಇರಾವ್ ಎಂಬ ದೊಡ್ಡ ಊಟ ಹಾಕಿ, ಊರ ಮುಂದೆ ಹೊಸ ಹೆಸರು ಸಾರಿಸಿಕೊಳ್ಳಬೇಕು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಹೆಸರು. ಊರ ಯಜಮಾನ, ಅಂದರೆ ಪೆಂಗುಲು, ಕೇಳುತ್ತಾನೆ. ಕೂಡಿದವರೆಲ್ಲ "ಆಗಲಿ" ಅನ್ನುತ್ತಾರೆ. ಅಲ್ಲಿಂದ ಮುಂದೆ ಚರ್ಚಿನಲ್ಲಿ, ಅಂಗಡಿಯಲ್ಲಿ, ಸಮಾಧಿಯ ಕಲ್ಲಿನ ಮೇಲೂ ಅದೇ ಹೆಸರು. ಬೇಡವೆಂದರೆ ಬದಲಾಯಿಸುವ ಹಾಗಿಲ್ಲ.

ಲುಗುನ್ "ಎಲ್ಲರಿಗಿಂತ ಮುಂದೆ" ಎಂಬ ಅರ್ಥ ಬರುವ ಹೆಸರು ಹುಡುಕಿಟ್ಟಿದ್ದ. ಅದನ್ನು ಕಾಫಿ ಅಂಗಡಿಯಲ್ಲಿ ಹೇಳಿದ. ಹೇಳಬಾರದಿತ್ತು.

"ಮುಂದೆ ಹೋಗೋಕೆ ಲಾಕರ್ ಸರಿ ಇರ್ಬೇಕು ಬೀಗರೇ," ಎಂದ ರಿಬೂ. "ಮೊಮ್ಮಗೂನ ಕರ್ಕೊಂಡು ಬರೋಕೆ ಇಬ್ರೂ ಗಾಡಿ ತಗೊಂಡು ಹೋಗೋಣ. ದಾರೀಲಿ ಯಾರು ಸಿಕ್ಕಾಕ್ಕೋತಾರೋ ಅವರನ್ನ ಎಳೆದು ತೆಗೆದವರು ಅವರಿಗೆ ಹೆಸರಿಡ್ಬೇಕು. ನಿಮಗೆ ನಾನೀಗಲೇ ಯೋಚನೆ ಮಾಡಿದೀನಿ. ಕೆಸರೆಮ್ಮೆ."

ಅಂಗಡಿ ನಕ್ಕಿತು. ಲುಗುನ್‌ನ ಕಿವಿ ಕೆಂಪಾಯಿತು.

"ಆಗ್ಲಿ. ನಿಮಗೆ ತೂತು ಬಲೂನು ಅಂತ ಇಡ್ತೀನಿ. ಪೆಂಗುಲು, ನೀವೇ ಸಾಕ್ಷಿ."

ಪೆಂಗುಲು ಕಾಫಿ ಕೆಳಗಿಟ್ಟು ಇಬ್ಬರ ಮುಖವನ್ನೂ ನೋಡಿದ. "ಯೋಚನೆ ಮಾಡಿ ಹೇಳ್ತಿದೀರಾ? ಸಾಯೋವರೆಗೂ ಹೆಸರು ಅದೇ ಆಗುತ್ತೆ."

"ಮಾಡಿದೀವಿ," ಎಂದರು ಇಬ್ಬರೂ. ಇಬ್ಬರೂ ಮಾಡಿರಲಿಲ್ಲ. ಮಾಡಿದ್ದರೆ ಆ ಹೆಸರಿನಲ್ಲಿ ಅರ್ಧ ಪಾಲು ಹೆಂಡತಿಯದು ಎಂಬುದು ಹೊಳೆಯುತ್ತಿತ್ತು. ಅದು ಹೊಳೆಯದೆ ಕೈ ಕುಲುಕಿ ಎದ್ದುಹೋದರು.

ಮಗುವನ್ನು ವಿಮಾನದಲ್ಲಿ ತರೋಣವೆಂದು ರಿನೈ ಕೊನೆಯವರೆಗೂ ಹೇಳಿದಳು. ಮೋಡ ಕವಿದುಕೊಂಡಿತ್ತು. ವಿಮಾನ ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಪಟ್ಟಿಯ ಅಧಿಕಾರಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನನ್ನ ಕೇಳಬೇಡಿ ತಾಯಿ, ಮೇಲಿರೋ ಮೋಡಾನ ಕೇಳಿ. ಅದೇ ಇವತ್ತಿನ ಮ್ಯಾನೇಜರು," ಎಂದು ಕಿಟಕಿ ಹಾಕಿಕೊಂಡ. ಇರಾವ್‌ಗೆ ಊರೆಲ್ಲ ಕರೆದಾಗಿತ್ತು, ಎಮ್ಮೆ ಕಡಿಯುವುದಕ್ಕೆ ಜನರನ್ನು ಗೊತ್ತುಮಾಡಿಯಾಗಿತ್ತು. ಹಾಗಾಗಿ ರಿನೈ ಮತ್ತು ರಿಬೂವಿನ ಹೆಂಡತಿ ಸುಪಾಂಗ್ ಗಂಡಂದಿರ ಜೊತೆ ಎರಡು ಗಾಡಿಗಳಲ್ಲಿ ಮರ ಕಡಿಯುವ ಕಂಪನಿಯವರ, ಅಲ್ಲಲ್ಲಿ ಅವರ ಕ್ಯಾಂಪು ಗೇಟುಗಳಿರುವ ಮಣ್ಣು ರಸ್ತೆ ಹಿಡಿದು ಮಿರಿಗೆ ಇಳಿದರು.

ಇಳಿಯುವಾಗ ಏನೂ ತೊಂದರೆಯಾಗಲಿಲ್ಲ. ಇಳಿಯುವಾಗ ಯಾವ ಗಾಡಿಗೂ ಆಗುವುದಿಲ್ಲ. ಆದರೂ ಇಬ್ಬರೂ ಅದನ್ನು ತಮ್ಮ ತಮ್ಮ ಲಾಕರಿನ ಲೆಕ್ಕಕ್ಕೆ ಬರೆದುಕೊಂಡರು.

ಹಿಂದಿರುಗುವ ದಿನ ಮಗು ಯಾರ ಗಾಡಿಯಲ್ಲಿ ಕೂರಬೇಕೆಂದು ಜಗಳ ಹತ್ತಿತು. "ನನ್ನ ಮೊಮ್ಮಗಳು ತಂತಿ ನಂಬ್ಕೊಂಡು ಬರಲ್ಲ" ಎಂದು ರಿಬೂ. "ನನ್ನ ಮೊಮ್ಮಗಳು ಟ್ಯೂಬ್ ನಂಬ್ಕೊಂಡು ಬರಲ್ಲ" ಎಂದು ಲುಗುನ್. ಮಗು ಆಕಳಿಸಿತು. ಕೊನೆಗೆ ಫ್ಲೋರಾ, "ಒಂದು ಕ್ಯಾಂಪಿನವರೆಗೆ ಇದರಲ್ಲಿ, ಮುಂದಿನ ಕ್ಯಾಂಪಿನವರೆಗೆ ಅದರಲ್ಲಿ. ಇನ್ನೊಂದು ಮಾತಾಡಿದ್ರೆ ನಾನು ಮಿರಿಯಲ್ಲೇ ಇರ್ತೀನಿ," ಎಂದಳು. ಹೀಗೆ ಆ ಮಗು ಪ್ರತಿ ಕ್ಯಾಂಪಿನಲ್ಲೂ ಗಾಡಿ ಬದಲಾಯಿಸುತ್ತ ಬಂತು. ಗೇಟಿನ ಕಾವಲುಗಾರರು ಇವರು ಮಗುವನ್ನು ಮಾರುತ್ತಿದ್ದಾರೋ ಏನೋ ಎಂದು ಅನುಮಾನಪಟ್ಟು ನೋಡಿದರು.

ಕೊನೆಯ ಗೇಟಿನವನು ಮಳೆಯಂಗಿ ಹಾಕಿಕೊಂಡು ಹೊರಗೆ ಬಂದ. "ಮುಂದೆ ಕೆಂಪು ಏರು ಕರಗಿ ಹೋಗಿದೆ. ನಾಳೆ ಬಿಸಿಲು ನೋಡ್ಕೊಂಡು ಹೋಗಿ."

"ನಮ್ಮತ್ರ ಲಾಕರ್ ಇದೆ," ಎಂದ ಲುಗುನ್.

"ನಮ್ಮತ್ರ ಇನ್ನೂ ಒಳ್ಳೇದಿದೆ," ಎಂದ ಹಿಂದಿನ ಗಾಡಿಯ ರಿಬೂ.

ಕಾವಲುಗಾರ ಗೇಟು ಎತ್ತಿದ. ಎತ್ತುವಾಗ ಅವನ ಮುಖದಲ್ಲಿ ಇದ್ದದ್ದು ಗೌರವ ಎಂದು ಇಬ್ಬರೂ ತಿಳಿದುಕೊಂಡರು.

ಕೆಂಪು ಏರಿನಲ್ಲಿ ಲುಗುನ್‌ನ ಗಾಡಿ ಮೊದಲು ಹೋಯಿತು. ಒಳಗೆ ರಿನೈ, ಫ್ಲೋರಾ, ಮಗು. ಹಿಂದಿನ ತೊಟ್ಟಿಯಲ್ಲಿ ಟಾರ್ಪಾಲಿನ ಕೆಳಗೆ ಬಿಸ್ಕತ್ತಿನ ಡಬ್ಬಗಳ ಜೊತೆ ಅಳಿಯ ಜೊನಾಸ್. ಏರಿನ ಅರ್ಧಕ್ಕೆ ಬರುವಾಗ ಗಾಡಿ ತೊನೆಯಿತು. ಲುಗುನ್ ಗಂಭೀರವಾಗಿ, ಎಲ್ಲರೂ ನೋಡುವಂತೆ ಬೆರಳೆತ್ತಿ ಬಟನ್ ಒತ್ತಿದ.

"ಮಾವ, ಇಲ್ಲಿ ಹಿಂದೆ ದೀಪ ಹತ್ಕೊಳ್ತು," ಎಂದು ಜೊನಾಸ್ ಕೂಗಿದ.

"ನೀನು ಸುಮ್ನಿರಪ್ಪ. ಲಾಕರ್ ಕೆಲಸ ಮಾಡ್ತಿದೆ."

ಲಾಕರ್ ಏನು ಮಾಡುತ್ತಿತ್ತೋ, ಎಡಗಡೆಯ ಚಕ್ರ ಮಾತ್ರ ಕೆಸರನ್ನು ಆಕಾಶಕ್ಕೆ ಎರಚುತ್ತಿತ್ತು. ಬಲಗಡೆಯದು ಕದಲಲಿಲ್ಲ. ಲುಗುನ್ ಬಟನ್ ಆರಿಸಿ ಮತ್ತೆ ಒತ್ತಿದ. "ದೀಪ ಹೋಯ್ತು ಮಾವ. ಬಂತು ಮಾವ," ಎಂದು ಹಿಂದಿನಿಂದ ವರದಿ ಬರುತ್ತಲೇ ಇತ್ತು. ಗಾಡಿ ಮೆಲ್ಲಗೆ ಪಕ್ಕಕ್ಕೆ ಜಾರಿ ಚರಂಡಿಯಲ್ಲಿ ಕೂತಿತು.

ರಿಬೂವಿನ ಸಂತೋಷಕ್ಕೆ ಪಾರವಿಲ್ಲ. ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲಿ ಗಾಡಿ ನುಗ್ಗಿಸಿ ಮುಂದೆ ಹೋಗಿ ನಿಲ್ಲಿಸಿದ. ಹಗ್ಗ ಹಿಡಿದು ಮಳೆಯಲ್ಲಿ ಮದುವೆ ಗಂಡಿನ ಹಾಗೆ ಇಳಿದು ಬಂದ. "ಏನೂ ಚಿಂತೆ ಮಾಡ್ಬೇಡಿ ಬೀಗರೇ. ಗಾಳಿ ಇದೆ."

ಹಗ್ಗ ಕಟ್ಟಿದ. ಗಾಡಿ ಹತ್ತಿದ. ಪಂಪು ಗುಟುರು ಹಾಕಿತು. ಬುಸ್ಸ್ ಎಂಬ ಪ್ರಖ್ಯಾತ ಸದ್ದು ಕಣಿವೆಯಲ್ಲೆಲ್ಲ ಕೇಳಿಸಿತು. ಅವನ ಗಾಡಿಯ ಒಂದು ಚಕ್ರ ಗಿರಗಿರ ತಿರುಗಿತು, ಇನ್ನೊಂದು ಸುಮ್ಮನೆ ನಿಂತಿತು, ಇಡೀ ಗಾಡಿ ಅಕ್ಷದವರೆಗೆ ಕೆಸರಿನಲ್ಲಿ ಇಳಿಯಿತು. ಈಗ ಎರಡು ಗಾಡಿಗಳು ಒಂದೇ ಹಗ್ಗದಲ್ಲಿ ಕಟ್ಟಿಸಿಕೊಂಡು ಏರಿನ ಮೇಲೆ ಕೂತಿದ್ದವು.

"ನಾನು ಸಿಕ್ಕಾಕ್ಕೊಂಡಿಲ್ಲ. ನಿಲ್ಸಿದೀನಿ," ಎಂದ ರಿಬೂ.

"ಹಾಗಂದ್ರೆ ನಾನೂ ನಿಲ್ಸಿದೀನಿ."

"ನೀವು ಚರಂಡೀಲಿ ನಿಲ್ಸಿದೀರಿ ಬೀಗರೇ. ಮಾತು ಮಾತೇ. ಇರಾವ್‌ನಲ್ಲಿ ನಿಮಗೆ ಕೆಸರೆಮ್ಮೆ ಅಂತ ಕೂಗ್ಸದೆ ಬಿಡಲ್ಲ."

ಕಿಟಕಿಯ ಗಾಜು ಇಳಿಯಿತು. ರಿನೈ ತಲೆ ಹೊರಗೆ ಹಾಕಿದಳು.

"ಏನು ಕೂಗಿಸ್ತೀರಾ?"

ಇಬ್ಬರಿಗೂ ಆ ಕ್ಷಣದಲ್ಲಿ ಮಳೆ ಬಹಳ ಜೋರಾಗಿದೆ ಎನಿಸಿತು. ಜೊನಾಸ್ ಒಳ್ಳೆಯ ಹುಡುಗ, ಆದರೆ ಕೇಳಿದ್ದಕ್ಕೆ ಉತ್ತರ ಹೇಳಿಬಿಡುವ ಸ್ವಭಾವ. ಮಿರಿಯಲ್ಲಿ ಅಪ್ಪನ ಬಾಯಿಂದ ಕೇಳಿದ್ದ ಪಂತದ ಕಥೆಯನ್ನೆಲ್ಲ ತೊಟ್ಟಿಯಿಂದಲೇ ಹೇಳಿದ. ಅಷ್ಟರಲ್ಲಿ ಸುಪಾಂಗ್ ಕೂಡ ಕೊಡೆ ಹಿಡಿದು ಬಂದು ನಿಂತಿದ್ದಳು.

"ರೀ," ಎಂದಳು ರಿನೈ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ಲುಗುನ್‌ಗೆ ಅಪಾಯ ಬಂತೆಂದೇ ಲೆಕ್ಕ. "ಇರಾವ್‌ನಲ್ಲಿ ನಿಮಗೆ ಏನು ಹೆಸರು ಬರುತ್ತೋ ನನಗೂ ಅದೇ ಅಲ್ವಾ?"

"ಅದು… ಹೌದು."

"ಹಾಗಾದ್ರೆ ನಾನೂ ಕೆಸರೆಮ್ಮೆ. ನಾಳೆ ಈ ಮಗು ಸ್ಕೂಲಿಗೆ ಹೋದಾಗ ಟೀಚರು ನಿನ್ನ ಅಜ್ಜಿ ಹೆಸರೇನಮ್ಮ ಅಂದ್ರೆ, ಕೆಸರೆಮ್ಮೆ ಅನ್ಬೇಕು."

"ನಾನು ತೂತು ಬಲೂನು," ಎಂದಳು ಸುಪಾಂಗ್. "ಹಿಂದಿನ ಸಾಲಲ್ಲಿ ಕೂತು ಪ್ರಾರ್ಥನೆ ಮಾಡೋ ತೂತು ಬಲೂನು. ನನ್ನ ಅಮ್ಮ ಇನ್ನೂ ಬದುಕಿದಾಳೆ ಕಣ್ರೀ. ಅವಳಿಗೆ ಏನಂತ ಹೇಳ್ಲಿ?"

ಗಂಡಸರು ಬಾಯಿ ತೆರೆದರು. ರಿನೈ ಬೆರಳೆತ್ತಿದ್ದೇ ಮುಚ್ಚಿದರು. ಆಮೇಲೆ ಅವಳು ಹಗ್ಗ ಬಿಚ್ಚಿಸಿದಳು. ಫ್ಲೋರಾಳ ಕೈಯಲ್ಲಿ ಮಗು ಕೊಟ್ಟು ಸುಪಾಂಗ್‌ಳ ಕೊಡೆಯ ಕೆಳಗೆ ನಿಲ್ಲಿಸಿದಳು. ಗಂಡ, ಬೀಗ, ಅಳಿಯ ಮೂವರನ್ನೂ ಗಾಡಿಯ ಹಿಂದೆ ತಳ್ಳುವುದಕ್ಕೆ ಕಳಿಸಿ ತಾನೇ ಚಾಲಕನ ಜಾಗದಲ್ಲಿ ಕೂತಳು. ಅವಳಿಗೆ ಗಾಡಿ ಬರುತ್ತಿತ್ತು. ಆದರೆ ಲಾಕರಿನ ಬಟನ್ ಮುಟ್ಟುವ ಅಧಿಕಾರ ಒಂದು ವರ್ಷದಿಂದ ಲುಗುನ್ ಒಬ್ಬನಿಗೇ ಇತ್ತು.

"ಬಟನ್ ಬಲಗಡೇದು," ಎಂದು ಲುಗುನ್ ಹಿಂದಿನಿಂದ ಕೂಗಿದ. "ಪಕ್ಕದಲ್ಲಿರೋದು ಮುಟ್ಟಬೇಡ. ಅದು ತೊಟ್ಟಿ ದೀಪದ್ದು, ಬಲ್ಬ್ ಹೋಗಿದೆ. ಎಷ್ಟು ಒತ್ತಿದ್ರೂ ಹತ್ತಲ್ಲ."

ರಿನೈಗೆ ಆಗ ಗಂಡನ ಯಾವ ಮಾತಿನ ಮೇಲೂ ನಂಬಿಕೆ ಉಳಿದಿರಲಿಲ್ಲ. ಮುಂದೆ ಕಂಡ ಬಟನ್‌ಗಳನ್ನೆಲ್ಲ ಒತ್ತಿದಳು. ತೊಟ್ಟಿಯ ದೀಪ ಹತ್ತಿತು, ನೀರು ಒರೆಸುವ ಕಡ್ಡಿ ಓಡಿತು, ರೇಡಿಯೋದಲ್ಲಿ ಯಾರೋ ಹಾಡಿದರು. ಗಾಡಿಯ ಹೊಟ್ಟೆಯ ಕೆಳಗೆ ಕಟಕ್ ಎಂದು ಒಂದು ಸದ್ದಾಯಿತು. ಆ ಸದ್ದನ್ನು ಆ ಗಾಡಿ ಯಾವ ಏರಿನಲ್ಲೂ ಈವರೆಗೆ ಮಾಡಿರಲಿಲ್ಲ. ಎರಡೂ ಚಕ್ರಗಳು ಒಟ್ಟಿಗೆ ಮಣ್ಣು ಕಚ್ಚಿದವು. ಗಾಡಿ ಚರಂಡಿಯಿಂದ ಎದ್ದು, ಗೋಡೆ ಹತ್ತುವ ಹಲ್ಲಿಯ ಹಾಗೆ ಏರು ಹತ್ತಿ ರಿಬೂವಿನ ಗಾಡಿಯನ್ನು ದಾಟಿ ಮೇಲೆ ಹೋಯಿತು. ತಳ್ಳುತ್ತಿದ್ದ ಮೂವರೂ ಮಕಾಡೆ ಕೆಸರಿಗೆ ಬಿದ್ದರು.

ಲುಗುನ್ ಎದ್ದು ಬಾಯಲ್ಲಿದ್ದ ಮಣ್ಣು ಉಗಿದ. "ನೋಡಿದ್ರಾ ಬೀಗರೇ? ಕರೆಂಟು ಅಂದ್ರೆ ಕರೆಂಟು. ಸ್ವಲ್ಪ ತಡವಾಗಿ ಬರುತ್ತೆ, ಆದ್ರೆ ಬಂದೇ ಬರುತ್ತೆ."

"ಮಾವ," ಎಂದ ಜೊನಾಸ್ ಕಣ್ಣು ಒರೆಸಿಕೊಳ್ಳುತ್ತ, "ಅತ್ತೆ ಒಂದು ಬಟನ್ ಒತ್ತಿದಾಗ ತೊಟ್ಟಿ ದೀಪ ಬಂತು. ಬೇರೆ ಒಂದು ಒತ್ತಿದಾಗ ಕಟಕ್ ಅಂತು. ನೀವು ದಾರಿ ಉದ್ದಕ್ಕೂ ಒತ್ತಿದ್ದು ನನ್ನ ದೀಪದ್ದು."

ಆಗ ಸುಪಾಂಗ್‌ಗೆ ಒಂದು ವಿಷಯ ಅರ್ಥವಾಯಿತು. ಇಡೀ ವರ್ಷ ಲುಗುನ್‌ನ ತೊಟ್ಟಿಯಲ್ಲಿ ಅನಾನಸಿನ ಮೂಟೆಗಳ ಜೊತೆ ಬರುತ್ತಿದ್ದವರೆಲ್ಲ, ಏರು ಬಂದಾಗ ನಮಗೆ ಹೆದರಿಕೆಯಾಗಬಾರದೆಂದು ಎಂಥ ಪುಣ್ಯಾತ್ಮ ದೀಪ ಹಾಕುತ್ತಾನೆ ಎಂದು ಹೊಗಳುತ್ತಿದ್ದರು. ಅದನ್ನು ಅವಳು ಅಲ್ಲೇ ಹೇಳಿದಳು. ಅಂದರೆ ಲುಗುನ್‌ನ ಲಾಕರ್ ಒಂದು ದಿನವೂ ಕೈ ಕೊಟ್ಟಿರಲಿಲ್ಲ ಎಂಬುದು ಪೂರ್ತಿ ನಿಜ. ಅದನ್ನು ಏರಿನಲ್ಲಿ ಒಂದು ದಿನವೂ ಹಾಕಿರಲಿಲ್ಲ ಎಂಬುದೂ ಅಷ್ಟೇ ನಿಜ. ಅವನ ಮುಖ ಹುಳ್ಳಗಾಯಿತು.

ರಿಬೂ ಕೆಸರಿನಲ್ಲಿ ಕೂತೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ನೀವು ನಗಬೇಡಿ," ಎಂದಳು ಸುಪಾಂಗ್. "ನಿಮ್ಮ ಪಂಪು ಇನ್ನೂ ಓಡ್ತಿದೆ. ಬಂದು ಇಲ್ಲಿ ಕೈ ಇಡಿ." ಅವನ ಕೈಯನ್ನು ಹಿಡಿದು ಗಾಡಿಯ ಅಡಿಗೆ ತೂರಿಸಿದಳು. ಟ್ಯೂಬಿನ ನಡುವೆ ಒಂದು ಸೀಳಿನಿಂದ ಗಾಳಿ ಬುಸ್ಸ್ ಎಂದು ಅವನ ಅಂಗೈಗೆ ಹೊಡೆಯಿತು. "ಫುಟ್‌ಬಾಲಿಗೆ ಗಾಳಿ ತುಂಬುವಾಗ ಸರಿಯಾಗಿ ಒಳಗೆ ಹೋದ್ರೆ ಸದ್ದು ಬರುತ್ತಾ? ಹೊರಗೆ ಹೋದ್ರೇ ಬರೋದು. ವರ್ಷದಿಂದ ನೀವು ಊರಿಗೆಲ್ಲ ಕೇಳಿಸ್ತಿದ್ದ ತಾಕತ್ತು ಇದೇ."

ರಿಬೂ ನಗುವುದನ್ನು ನಿಲ್ಲಿಸಿದ. ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮದುವೆಯ ದಿನ ಬಿಟ್ಟರೆ ಅವರ ನಡುವೆ ಅಷ್ಟು ಪ್ರೀತಿ ಹುಟ್ಟಿದ್ದು ಅಂದೇ.

ರಿನೈ ಹಗ್ಗ ಇಳಿಸಿ ರಿಬೂವಿನ ಗಾಡಿಯನ್ನೂ ಏರಿನ ತುದಿಗೆ ಎಳೆದು ತಂದಳು. ಎಂಜಿನ್ ಆರಿಸಿ ಕೆಳಗಿಳಿದು, "ಎಳೆದವರು ಹೆಸರಿಡ್ಬೇಕು ಅಂತ ತಾನೇ ಪಂತ?" ಎಂದು ಕೇಳಿದಳು.

"ಹೌದು," ಎಂದರು ಇಬ್ಬರೂ ಸಣ್ಣ ದನಿಯಲ್ಲಿ.

"ಎರಡು ಗಾಡೀನೂ ಎಳೆದಿದ್ದು ನಾನು. ಇಡ್ತೀನಿ."

ಅಷ್ಟೇ ಹೇಳಿದಳು. ಅಲ್ಲಿಂದ ಊರು ತಲುಪುವವರೆಗೆ ಅವಳು ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ರಿಬೂವಿನ ಗಾಡಿಯನ್ನು ಜೊನಾಸ್ ಓಡಿಸಿದ. ಬೀಗರಿಬ್ಬರೂ ರಿನೈ ಓಡಿಸುತ್ತಿದ್ದ ಗಾಡಿಯ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಪಿಸುಗುಟ್ಟಿದರು.

"ಕೆಸರೆಮ್ಮೆ ಅಷ್ಟೇನೂ ಕೆಟ್ಟ ಹೆಸರಲ್ಲ ಬಿಡಿ," ಎಂದ ರಿಬೂ. "ಎಮ್ಮೆ ಅಂದ್ರೆ ಬೆಲೆ ಇದೆ."

"ನಿಮಗೇನು, ಹೇಳ್ತೀರಿ. ಅವಳು ಇನ್ನೂ ಹೊಸದು ಹುಡುಕ್ತಾಳೆ. ನನಗೆ ಅವಳು ಗೊತ್ತು."

ಇರಾವ್‌ನ ದಿನ ಊರಿನವರು ಕಂಡದ್ದನ್ನು ತಾವೇ ನಂಬಲಿಲ್ಲ. ಕರೆಂಟಿನ ನಾಯಕನೂ ಗಾಳಿಯ ನಾಯಕನೂ ಅಕ್ಕಪಕ್ಕ ಕುಕ್ಕರಗಾಲಲ್ಲಿ ಕೂತು ಮಾಂಸ ಹೆಚ್ಚುತ್ತಿದ್ದರು. ರಿನೈ ನೀರು ಎನ್ನುವ ಮೊದಲೇ ಇಬ್ಬರೂ ಕೊಡ ಹಿಡಿದು ಓಡುತ್ತಿದ್ದರು. ಮೆದು ಅನ್ನವನ್ನು ಎಲೆಯಲ್ಲಿ ಸುತ್ತುವುದಕ್ಕೆ ಕೂತ ಹೆಂಗಸರ ನಡುವೆ ಲುಗುನ್ ಹೋಗಿ ತಾನೂ ಸುತ್ತಿದ. ಅವನು ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಸುತ್ತಬೇಕಾಯಿತು. ಎಮ್ಮೆಯ ಮುದುಕ ಬಂದು, "ಏನಾಯ್ತು, ನಮ್ಮ ಕರೆಂಟು ಗೆದ್ದಿತಾ?" ಎಂದು ಕೇಳಿದರೆ, "ಊಟ ಮಾಡ್ಕೊಂಡು ಹೋಗು ಮಾರಾಯ," ಎಂದು ಲುಗುನ್ ಕಣ್ಣಲ್ಲಿ ನೀರು ತಂದುಕೊಂಡ.

ಸಭಾಂಗಣ ತುಂಬಿತು. ಕರೆಂಟಿನವರು ಒಂದು ಕಡೆ, ಗಾಳಿಯವರು ಇನ್ನೊಂದು ಕಡೆ ಕೂತರು. ಮಗುವನ್ನು ಎಲ್ಲರಿಗೂ ತೋರಿಸಿದ ಮೇಲೆ ಪೆಂಗುಲು ಮೈಕು ಹಿಡಿದ. "ಇಬ್ಬರು ಅಜ್ಜಂದಿರ ನಡುವೆ ಒಂದು ಪಂತ ಇತ್ತು. ನಾನೇ ಸಾಕ್ಷಿ. ಎಳೆದವರು ಮುಂದೆ ಬನ್ನಿ."

ಲುಗುನ್ ಏಳಲಿಲ್ಲ. ರಿಬೂ ಏಳಲಿಲ್ಲ. ರಿನೈ ಎದ್ದಳು. ಸಭೆ ಗೊಳ್ಳೆಂದಿತು. ಗಾಳಿಯ ಕಡೆಯ ದಪ್ಪ ದನಿಯವನೊಬ್ಬ, "ಯಾವ ಲಾಕರ್ ಗೆದ್ದಿತು ಅದನ್ನ ಮೊದಲು ಹೇಳಮ್ಮ," ಎಂದ.

ಲುಗುನ್ ನೆಲ ನೋಡಿದ. ಒಂದು ವರ್ಷದ ಮಾನ ಈಗ ಅವಳ ನಾಲಿಗೆಯ ಮೇಲಿತ್ತು.

"ಎರಡು ಗಾಡೀನೂ ಮೇಲೆ ಬಂತು. ಮಗು ಒಣಗಿದ ಬಟ್ಟೇಲಿ ಬಂತು. ಇನ್ನೇನು ಬೇಕು ನಿಮಗೆ?" ಎಂದಳು ರಿನೈ. ಆಮೇಲೆ ಗಂಡನ ಕಡೆ ತಿರುಗಿದಳು. "ಹೆಸರಿನ ವಿಷಯ. ಮೊನ್ನೆಯಿಂದ ನನ್ನ ನಾಲಿಗೆ ತುದೀಲಿ ಎರಡು ಹೆಸರು ಇದ್ವು. ಬಹಳ ಚೆನ್ನಾಗಿದ್ವು. ಕೇಳಿದ್ರೆ ಈ ಊರು ಹತ್ತು ವರ್ಷ ನಗ್ತಿತ್ತು. ಆದ್ರೆ ಏನ್ಮಾಡೋದು, ಒಂದರಲ್ಲಿ ನಾನಿದೀನಿ, ಇನ್ನೊಂದರಲ್ಲಿ ಸುಪಾಂಗ್ ಇದಾಳೆ. ನಾವೇನು ತಪ್ಪು ಮಾಡಿದೀವಿ?"

ಹೆಂಗಸರ ಕಡೆಯಿಂದ ನಗು ಎದ್ದಿತು. ಲುಗುನ್ ಹಿಡಿದಿಟ್ಟಿದ್ದ ಉಸಿರು ಬಿಟ್ಟ. ಪಕ್ಕದಲ್ಲಿ ರಿಬೂ ಬಿಟ್ಟ ಉಸಿರಿನ ಸದ್ದು ಕೊನೆಯ ಸಾಲಿಗೂ ಕೇಳಿಸಿತು.

"ಸುಪಾಂಗ್ ಮನೆಯವರು ಇವತ್ತಿಂದ ಮೋಡ ದಾಟಿದವರು," ಎಂದಳು ರಿನೈ. "ನಮ್ಮ ಮನೆಯವರು ಬೆಟ್ಟ ದಾಟಿದವರು."

"ಆಗಲಿ," ಎಂದಿತು ಸಭೆ. ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಮೊದಲು ಕೂಗಿದವರು ಇಬ್ಬರು ಬೀಗರು. ಲುಗುನ್ ಗೋಡೆಗೆ ಒರಗಿಕೊಂಡ. ಬೆಟ್ಟ ದಾಟಿದವರು. ಒಳ್ಳೆಯ ಹೆಸರು, ಗೌರವದ ಹೆಸರು. ಮೊಮ್ಮಗಳು ಸ್ಕೂಲಿನಲ್ಲಿ ತಲೆ ಎತ್ತಿ ಹೇಳಬಹುದಾದ ಹೆಸರು. ಏರಿನಿಂದ ಬಂದ ಮೇಲೆ ಅವನು ಹೊಟ್ಟೆ ತುಂಬ ಉಂಡದ್ದು ಆಗಲೇ. ಮೂರು ಎಲೆ ಅನ್ನ ತಿಂದ, ಹಂದಿ ಮಾಂಸ ಎರಡು ಸಲ ಬಡಿಸಿಕೊಂಡ. ರಿಬೂ ತನ್ನ ಎಲೆಯಿಂದ ಒಳ್ಳೆಯ ತುಂಡು ಆರಿಸಿ ಬೀಗರ ಎಲೆಗೆ ಹಾಕಿದ.

ಊಟ ಮುಗಿಯುವ ಹೊತ್ತಿಗೆ ಪಾದ್ರಿಗಳು ಬಂದು ಅವನ ಎದುರು ಕೂತರು. ಅವರೂ ಹೊಸ ಗಾಡಿ ಕೊಂಡಿದ್ದರು.

"ಬೆಟ್ಟ ದಾಟಿದವರೇ, ಒಂದು ಸಲಹೆ ಕೊಡಿ. ಕರೆಂಟು ಹಾಕಿಸಲೋ, ಗಾಳಿ ಹಾಕಿಸಲೋ? ಯಾವುದು ನಂಬಿಕಸ್ಥ?"

ಆ ಹೆಸರಿನಿಂದ ಅವನನ್ನು ಯಾರಾದರೂ ಕರೆದದ್ದು ಅದೇ ಮೊದಲು. ಲುಗುನ್ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ರಿನೈ ಅಲ್ಲೇ ನಿಂತಳು. ಆ ಹೆಸರು ಅವಳದೂ ಹೌದಲ್ಲ, ಕರೆದದ್ದು ತನ್ನನ್ನೇ ಎಂದುಕೊಂಡಳು.

"ಯಾವುದಾದ್ರೂ ಹಾಕ್ಸಿ ಪಾದ್ರಿಗಳೇ," ಎಂದಳು. "ಆದ್ರೆ ಹಾಕ್ಸಿದ ದಿನಾನೇ ನಿಮ್ಮ ಮನೆಯ ಅಮ್ಮನವರನ್ನ ಕೂರಿಸಿ ಒಂದು ಸಲ ಎಲ್ಲಾ ಬಟನ್ನೂ ಒತ್ತಿಸಿಬಿಡಿ."